ಮೂರು ವರ್ಷದ ಮಳೆ ಲೆಕ್ಕ, ಹಳ್ಳದ ನೀರಿನ ಲೆಕ್ಕ: ಹೊಸ ಕ್ಯೂಜಿಐಎಸ್‌ನಲ್ಲಿ ನಿಮ್ಮ ಕೆಲಸಕ್ಕೆ ಬರುವುದು ಯಾವುದು?

ಪ್ರಶ್ನೆ: ಮೂಡಿಗೆರೆ ತಾಲ್ಲೂಕಿನ ನಮ್ಮ ಬೆಳೆಗಾರರ ಗುಂಪು 14 ತೋಟಗಳಲ್ಲಿ ದಿನಾ ಮಳೆ ಅಳೆಯುತ್ತದೆ. 11 ಮಾಪಕ ಮೂಡಿಗೆರೆ ಸುತ್ತಮುತ್ತ ಇವೆ, ಉಳಿದ 3 ಚಿಕ್ಕಮಗಳೂರಿನಿಂದ ಕಡೂರಿನ ಕಡೆಗೆ. ಹೇಮಾವತಿಗೆ ಸೇರುವ ಹಳ್ಳಗಳಲ್ಲಿ 6 ಜಾಗ ಗೊತ್ತು ಮಾಡಿಕೊಂಡು ವಾರಕ್ಕೊಮ್ಮೆ ಪಿಎಚ್ ಮತ್ತು ಕರಗಿದ ಆಮ್ಲಜನಕ ನೋಡುತ್ತೇವೆ. ಮೂರು ವರ್ಷದ ಲೆಕ್ಕ ಎಕ್ಸೆಲ್‌ನಲ್ಲಿದೆ. ನಕ್ಷೆ ಮಾಡುವ ತಂತ್ರಾಂಶವಾದ ಕ್ಯೂಜಿಐಎಸ್ 3.10ರಲ್ಲಿ ತಿಂಗಳಿಗೊಂದು ನಕ್ಷೆ ಮಾಡಿ ಮಾಡಿ ಸಾಕಾಗಿದೆ. ಹೊಸ ಆವೃತ್ತಿಯಲ್ಲಿ ನಮಗೆ ಅನುಕೂಲವಾಗುವುದು ಏನಿದೆ? ಹಳ್ಳದ ಹತ್ತಿರ ನೆಟ್‌ವರ್ಕ್ ಸಿಗುವುದಿಲ್ಲ. ಅಲ್ಲೇ ಫೋನಿನಲ್ಲಿ ಬರೆದುಕೊಳ್ಳಲು ಆಗುತ್ತದೆಯೆ? ಸೆನ್ಸರ್‌ಥಿಂಗ್ಸ್ ಅಂತ ಒಂದು ಬಂದಿದೆಯಂತೆ, ಅದೂ ಬೇಕೆ?

ಉತ್ತರ: ಹೊಸದನ್ನು ಹಾಕಿಕೊಳ್ಳಿ. ದೀರ್ಘಾವಧಿ ಆವೃತ್ತಿಯಾಗಿ ಬಂದ 3.40 ಅಥವಾ ಅದರ ನಂತರದ್ದು ನಿಮಗೆ ಧಾರಾಳ ಸಾಕು. ಆದರೆ ಗುಂಪಿನ ಎಲ್ಲ ಕಂಪ್ಯೂಟರಿಗೂ ಒಂದೇ ದಿನ, ಒಂದೇ ಆವೃತ್ತಿ ಹಾಕಿ. ಹೊಸದರಲ್ಲಿ ಉಳಿಸಿದ ಪ್ರಾಜೆಕ್ಟನ್ನು ಯಾರೋ ಒಬ್ಬರು 3.10ರಲ್ಲಿ ತೆರೆದು ಮತ್ತೆ ಉಳಿಸಿಬಿಟ್ಟರೆ, ಹಳೆಯದಕ್ಕೆ ಗೊತ್ತಿಲ್ಲದ ಸೆಟ್ಟಿಂಗುಗಳೆಲ್ಲ ಸದ್ದಿಲ್ಲದೆ ಹೋಗಿಬಿಡುತ್ತವೆ.

3.10 ಬಂದದ್ದು 2019ರಲ್ಲಿ. ಅದಾದ ಮೇಲೆ 2020ರ 3.14ರಲ್ಲಿ ತಾರೀಕಿನಂತೆ ನಕ್ಷೆ ಓಡಿಸುವ ಟೆಂಪೊರಲ್ ಕಂಟ್ರೋಲರ್ ಬಂತು, 2022ರ 3.26ರಲ್ಲಿ ಒಂದು ಗೆರೆಯುದ್ದಕ್ಕೂ ನೆಲದ ಏರಿಳಿತ ತೋರಿಸುವ ಎಲಿವೇಶನ್ ಪ್ರೊಫೈಲ್ ಬಂತು, 2024ರ 3.36ರಲ್ಲಿ ಸರ್ವರಿನಿಂದ ಸಂವೇದಕಗಳ ಅಳತೆ ತರುವ ಸೆನ್ಸರ್‌ಥಿಂಗ್ಸ್, ಅದೇ ವರ್ಷದ 3.38ರಲ್ಲಿ ರಾಸ್ಟರಿನ (ಚೌಕ ಚೌಕವಾಗಿ ಅಂಕಿ ತುಂಬಿದ ನಕ್ಷೆಯ) ಒಂದೊಂದು ಬ್ಯಾಂಡಿಗೂ (ಪದರಕ್ಕೂ) ಒಂದೊಂದು ಕಾಲಾವಧಿ ಕೊಡುವ ಸೌಲಭ್ಯ ಬಂತು. ನಿಮ್ಮ ಮಟ್ಟಿಗೆ ಮೊದಲನೆಯದೇ ದೊಡ್ಡದು: ಒಂದೇ ಪ್ರಾಜೆಕ್ಟು, ಒಂದೇ ಲೇಯರು, ತಾರೀಕು ಸರಿಸಿದಂತೆ ನಕ್ಷೆ ಬದಲಾಗುತ್ತದೆ. 36 ತಿಂಗಳಿಗೆ 36 ನಕ್ಷೆ ಮಾಡುವ ಕೆಲಸ ಅಲ್ಲಿಗೆ ಮುಗಿಯಿತು. ಆದರೆ ಈಗಿರುವ ಎಕ್ಸೆಲ್ ಹಾಳೆಯನ್ನು ಹಾಗೇ ತಂದು ಹಾಕಿದರೆ ಯಾವುದೂ ಓಡುವುದಿಲ್ಲ. ಆದ್ದರಿಂದ ಹಾಳೆಯಿಂದಲೇ ಶುರುಮಾಡೋಣ. ಹೆಚ್ಚಿನ ಶ್ರಮ ಇರುವುದೂ ಅಲ್ಲೇ.

ಸಾಮಾನ್ಯವಾಗಿ ತೋಟದ ಮಳೆ ಲೆಕ್ಕ ಅಡ್ಡಕ್ಕೆ ಹರಡಿರುತ್ತದೆ: ಎಡಗಡೆ ತಾರೀಕು, ಮೇಲೆ 14 ತೋಟದ ಹೆಸರು. ಓದಲು ಚೆನ್ನ, ನಕ್ಷೆಗೆ ಕೆಲಸಕ್ಕೆ ಬಾರದು. ಒಂದು ಅಳತೆಗೆ ಒಂದು ಸಾಲು ಇರಬೇಕು. ಎಕ್ಸೆಲ್‌ನ ಡೇಟಾ ಮೆನುವಿನಿಂದ ಪಟ್ಟಿಯನ್ನು ಪವರ್ ಕ್ವೆರಿಗೆ ತೆಗೆದುಕೊಂಡು, ತಾರೀಕಿನ ಕಾಲಂ ಆರಿಸಿ, ಟ್ರಾನ್ಸ್‌ಫಾರ್ಮ್ ಮೆನುವಿನಲ್ಲಿ ‘ಅನ್‌ಪಿವಟ್ ಅದರ್ ಕಾಲಮ್ಸ್’ ಒತ್ತಿದರೆ ಅಡ್ಡಕ್ಕಿದ್ದದ್ದು ಉದ್ದಕ್ಕೆ ಬರುತ್ತದೆ. 14 ಮಾಪಕ, 365 ದಿನ, 3 ವರ್ಷ ಎಂದರೆ ಸುಮಾರು 15,300 ಸಾಲು. ಕ್ಯೂಜಿಐಎಸ್‌ಗೆ ಇದೇನೂ ಭಾರವಲ್ಲ.

ಇಲ್ಲಿ ಒಂದು ಅಪಾಯವಿದೆ. ಅನ್‌ಪಿವಟ್ ಮಾಡುವಾಗ ಹಾಳೆಯ ಖಾಲಿ ಮನೆಗಳೆಲ್ಲ (ಸೆಲ್ಲುಗಳೆಲ್ಲ) ಬಿದ್ದುಹೋಗುತ್ತವೆ. ಕೆಲವು ತೋಟದ ರೈಟರು ಮಳೆ ಬಾರದ ದಿನ ಏನೂ ಬರೆಯದೆ ಬಿಟ್ಟಿರುತ್ತಾರೆ, ಇನ್ನು ಕೆಲವರು ಅಳೆಯದೇ ಹೋದ ದಿನ ಬಿಟ್ಟಿರುತ್ತಾರೆ. ಎರಡೂ ಖಾಲಿಯೇ, ಅರ್ಥ ಬೇರೆ ಬೇರೆ. ಪುಸ್ತಕ ಎದುರಿಗೆ ಇಟ್ಟುಕೊಂಡು, ಬರೆದವರನ್ನೇ ಕೇಳಿ, ಮಳೆ ಇಲ್ಲದ ದಿನಕ್ಕೆ 0 ತುಂಬಿ. ಅಳೆಯದ ದಿನವನ್ನು ಖಾಲಿ ಬಿಡಿ. ಇದನ್ನು ಅನ್‌ಪಿವಟ್‌ಗೆ ಮುಂಚೆಯೇ ಮಾಡಿ ಮುಗಿಸಬೇಕು.

ಎರಡನೆಯದು ಇಂಚು-ಸೆಂಟಿನದು. 1 ಇಂಚು 25.4 ಮಿ.ಮೀ., 1 ಸೆಂಟು 0.254 ಮಿ.ಮೀ. ಪುಸ್ತಕದಲ್ಲಿ ‘1-05’ ಎಂದಿದ್ದರೆ ಒಂದು ಇಂಚು ಐದು ಸೆಂಟು, ಅಂದರೆ 1.05 ಇಂಚು, 26.67 ಮಿ.ಮೀ. ಅದನ್ನು ಯಾರೋ ‘1.5’ ಎಂದು ಟೈಪು ಮಾಡಿದರೆ 38.1 ಆಗಿ ಕೂರುತ್ತದೆ. ಹನ್ನೊಂದೂವರೆ ಮಿ.ಮೀ. ಸುಳ್ಳು ಮಳೆ! ಕಾಫಿ ಹೂ ಅರಳಿಸುವ ಹೂಮಳೆಯ ದಿನಗಳಲ್ಲಿ ಇಂಥ ಒಂದು ತಪ್ಪು ಸಾಕು, ನೀರು ಕೊಡಬೇಕೋ ಬೇಡವೋ ಎಂಬ ಲೆಕ್ಕವೇ ತಲೆಕೆಳಗಾಗುತ್ತದೆ. ಪತ್ತೆ ಮಾಡುವ ದಾರಿ ಸುಲಭ. ದಶಮಾಂಶದ ನಂತರ ಒಂದೇ ಅಂಕಿ ಇರುವ ಸಾಲುಗಳನ್ನೆಲ್ಲ ಸೋಸಿ ತೆಗೆದು ಮೂಲ ಪುಸ್ತಕದ ಜೊತೆ ಒಂದೊಂದಾಗಿ ತಾಳೆ ನೋಡಿ. ಇನ್ನು ಮುಂದೆ ಇಂಚಿಗೊಂದು ಕಾಲಂ, ಸೆಂಟಿಗೊಂದು ಕಾಲಂ ಇಟ್ಟು, ಮಿ.ಮೀ. ಅನ್ನು ಸೂತ್ರದಿಂದ ತೆಗೆಯಿರಿ.

ಮಾಪಕದ ಬಳಿಯೂ ಒಮ್ಮೆ ಹೋಗಿ ಬನ್ನಿ. ಬಾಯಿಯ ವಿಸ್ತೀರ್ಣ 200 ಚದರ ಸೆಂ.ಮೀ. ಇದ್ದರೆ 100 ಮಿ.ಮೀ. ಮಳೆಗೆ 2 ಲೀಟರ್ ನೀರು ಸೇರುತ್ತದೆ. ಒಳಗಿನ ಬಾಟಲಿ ಎರಡೇ ಲೀಟರಿನದಾದರೆ ಜುಲೈನ ಜೋರು ಮಳೆಗೆ ಉಕ್ಕಿ ಹೊರಗಿನ ಡಬ್ಬಕ್ಕೆ ಹೋಗಿರುತ್ತದೆ. ಅದನ್ನೂ ಅಳೆದು ಸೇರಿಸಬೇಕು. ಅಳತೆಯ ಗಾಜು ಒಡೆದು ಬೇರೆ ತಂದಿದ್ದರೆ, ಅದು ಎಷ್ಟು ವಿಸ್ತೀರ್ಣದ ಮಾಪಕಕ್ಕೆ ಗೆರೆ ಹಾಕಿದ್ದು ಎಂದು ನೋಡಿ. 100 ಚದರ ಸೆಂ.ಮೀ. ಮಾಪಕಕ್ಕೆ 200ರ ಗಾಜು ಬಳಸಿದರೆ ಮಳೆ ಅರ್ಧವೇ ಕಾಣುತ್ತದೆ. ಒಂದೇ ತೋಟ ವರ್ಷವಿಡೀ ಅಕ್ಕಪಕ್ಕದವುಗಳ ಅರ್ಧದಷ್ಟೇ ತೋರಿಸುತ್ತಿದ್ದರೆ ಮೊದಲು ಅನುಮಾನ ಪಡಬೇಕಾದದ್ದು ಇದನ್ನೇ.

ಮೂರನೆಯದು ತಾರೀಕು. ನಿಮ್ಮ ಹಾಳೆಯಲ್ಲಿ ತಾರೀಕಿನ ಕಾಲಮನ್ನು ಸುಮ್ಮನೆ ಕಣ್ಣಿನಿಂದ ನೋಡಿ: ತಿಂಗಳ 1ರಿಂದ 12ರವರೆಗಿನವು ಮನೆಯ ಬಲಕ್ಕೆ ಅಂಟಿಕೊಂಡು, 13ರಿಂದ ಮುಂದಿನವು ಎಡಕ್ಕೆ ಅಂಟಿಕೊಂಡಿವೆಯೆ? ಹಾಗಿದ್ದರೆ ಆ ಕಂಪ್ಯೂಟರ್ ತಿಂಗಳನ್ನು ಮೊದಲು ಓದುವ ಕ್ರಮದಲ್ಲಿದೆ. 05-06-2024 ಅದಕ್ಕೆ ಮೇ 6 ಆಗಿದೆ; 13-06-2024ಕ್ಕೆ ಹದಿಮೂರನೇ ತಿಂಗಳು ಸಿಗದೆ ಬರೀ ಅಕ್ಷರವಾಗಿ ಬಿಟ್ಟಿದೆ. ಇದನ್ನು ಹಾಗೇ ಸಾದಾ ಅಕ್ಷರದ ಕಡತವಾದ ಸಿಎಸ್‌ವಿ ಮಾಡಿದರೆ ಜೂನ್ ಮಳೆ ಜನವರಿಯಿಂದ ಡಿಸೆಂಬರ್‌ವರೆಗೆ ಚೆಲ್ಲಾಪಿಲ್ಲಿಯಾಗುತ್ತದೆ. ಎಕ್ಸೆಲ್‌ನಲ್ಲಿ ತಾರೀಕಿನ ಕಾಲಮನ್ನು ಮೊದಲೇ ಅಕ್ಷರ ಎಂದು ಗೊತ್ತುಮಾಡಿ ಮೂಲದಿಂದ ಮತ್ತೆ ತಂದುಕೊಳ್ಳುವುದು ಸುರಕ್ಷಿತ. ಆಮೇಲೆ ಕ್ಯೂಜಿಐಎಸ್‌ನ ಫೀಲ್ಡ್ ಕ್ಯಾಲ್ಕುಲೇಟರಿನಲ್ಲಿ ‘ಟು ಡೇಟ್‌ಟೈಮ್’ ಫಂಕ್ಷನ್ನಿಗೆ ದಿನ-ತಿಂಗಳು-ವರ್ಷ ಎಂಬ ಮಾದರಿ ಕೊಟ್ಟು ನಿಜವಾದ ತಾರೀಕು ಮಾಡಿ. ಮಾದರಿ ಬರೆಯುವಾಗ ತಿಂಗಳಿಗೆ ದೊಡ್ಡಕ್ಷರದ ಎರಡು ಎಮ್, ನಿಮಿಷಕ್ಕೆ ಸಣ್ಣಕ್ಷರದ ಎರಡು ಎಮ್. ಇದು ಅದಲುಬದಲಾದರೆ ತಾರೀಕು ಖಾಲಿ ಬರುತ್ತದೆ, ಇಲ್ಲವೇ ತಪ್ಪಾಗಿ ಬರುತ್ತದೆ.

ಇನ್ನು ಕೋಷ್ಟಕಗಳು. ಹಲವು ಲೇಯರು, ಪಟ್ಟಿಗಳನ್ನು ಒಂದೇ ಕಡತದಲ್ಲಿಡುವ ಜಿಯೊಪ್ಯಾಕೇಜ್ ಒಂದನ್ನು ಮಾಡಿ ಅದರೊಳಗೆ ಎರಡು ಇಡಿ. ‘ಠಾಣೆ’ ಎಂಬುದು 20 ಬಿಂದುಗಳ ಲೇಯರ್: ಸಂಕೇತ, ಹೆಸರು, ಎತ್ತರ, ಮಾಪಕದ ವಿಸ್ತೀರ್ಣ. ‘ಅಳತೆ’ ಎಂಬುದು ಬಿಂದುವಿಲ್ಲದ ಪಟ್ಟಿ: ಠಾಣೆಯ ಸಂಕೇತ, ಆರಂಭ, ಅಂತ್ಯ, ಏನನ್ನು ಅಳೆದದ್ದು, ಮೌಲ್ಯ, ಘಟಕ, ಟಿಪ್ಪಣಿ. ಪ್ರಯೋಗಾಲಯದ ವರದಿಯಲ್ಲಿ ‘0.5ಕ್ಕಿಂತ ಕಡಿಮೆ’ ಎಂಬಂಥದ್ದು ಬಂದರೆ ಆ ಚಿಹ್ನೆಯನ್ನು ಮೌಲ್ಯದ ಕಾಲಮಿನಲ್ಲಿ ಹಾಕಲೇಬೇಡಿ. ಒಂದು ಚಿಹ್ನೆಗಾಗಿ ಇಡೀ ಕಾಲಂ ಅಕ್ಷರವಾಗಿಬಿಡುತ್ತದೆ. 0.5 ಮೌಲ್ಯಕ್ಕೆ, ಚಿಹ್ನೆ ಬೇರೊಂದು ಕಾಲಮಿಗೆ.

ಠಾಣೆಯ ಅಕ್ಷಾಂಶ ರೇಖಾಂಶವನ್ನು ಯಾರಾದರೂ ಡಿಗ್ರಿ-ನಿಮಿಷದಲ್ಲಿ ಬರೆದಿದ್ದಾರೆಯೇ ನೋಡಿ. 13 ಡಿಗ್ರಿ 8 ನಿಮಿಷ ಎಂದರೆ 13.133. ಅದನ್ನು 13.08 ಎಂದು ಹಾಕಿದರೆ ಠಾಣೆ ಸುಮಾರು 6 ಕಿ.ಮೀ. ದಕ್ಷಿಣಕ್ಕೆ ಜಾರುತ್ತದೆ, ಆದರೂ ಕಾಫಿ ತೋಟದಲ್ಲೇ ಇರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಅಕ್ಷಾಂಶ ರೇಖಾಂಶ ಅದಲುಬದಲಾದದ್ದಾದರೆ ಚಿಂತೆಯಿಲ್ಲ, ಬಿಂದು ನಾರ್ವೆಯ ಆಚೆ ಸಮುದ್ರದಲ್ಲಿ ಕಾಣಿಸಿಕೊಂಡು ತಾನೇ ಸಿಕ್ಕಿಬೀಳುತ್ತದೆ.

ಆರಂಭ, ಅಂತ್ಯ ಎಂದು ಎರಡು ಕಾಲಂ ಏಕೆ ಎಂದರೆ, ಬೆಳಿಗ್ಗೆ ಅಳೆದ ಮಳೆ ಆ ದಿನದ್ದಲ್ಲ. ಹವಾಮಾನ ಇಲಾಖೆಯ ಕ್ರಮದಲ್ಲಿ ಬೆಳಿಗ್ಗೆ 8:30ಕ್ಕೆ ಅಳೆಯುವುದು ಹಿಂದಿನ 24 ಗಂಟೆಯ ಮಳೆ. ಜೂನ್ 15ರ ಬೆಳಿಗ್ಗೆ ಬರೆದದ್ದಕ್ಕೆ ಆರಂಭ ಜೂನ್ 14ರ 8:30, ಅಂತ್ಯ ಜೂನ್ 15ರ 8:30. ಭಾನುವಾರ ರಜೆಯಾಗಿ ಸೋಮವಾರ ಎರಡು ದಿನದ್ದನ್ನು ಒಟ್ಟಿಗೆ ಅಳೆದಿದ್ದರೆ ಆರಂಭವನ್ನು ಶನಿವಾರದ 8:30 ಎಂದು ಬರೆದರಾಯಿತು. 48 ಗಂಟೆಯ ಮಳೆ 48 ಗಂಟೆಯದಾಗಿಯೇ ಉಳಿಯುತ್ತದೆ. ಸ್ವಯಂಚಾಲಿತ ಉಪಕರಣ ಇದ್ದರೆ ಅದರ ಗಡಿಯಾರ ಯುಟಿಸಿಯಲ್ಲಿ (ಜಾಗತಿಕ ಸಮಯದಲ್ಲಿ) ಇದೆಯೇ ನೋಡಿಕೊಳ್ಳಿ. ನಮ್ಮ 8:30 ಅದಕ್ಕೆ 3:00. ಐದೂವರೆ ಗಂಟೆ ಸೇರಿಸದಿದ್ದರೆ ನಡುರಾತ್ರಿ ದಾಟಿ ಬಂದ ಮಳೆ ಹಿಂದಿನ ತಾರೀಕಿಗೆ ಹೋಗಿಬಿಡುತ್ತದೆ.

ಈಗ ಟೆಂಪೊರಲ್ ಕಂಟ್ರೋಲರ್. ಅಳತೆಗೆ ಬಿಂದು ಬೇಕು, ಆದ್ದರಿಂದ ಪ್ರೊಸೆಸಿಂಗ್ ಟೂಲ್‌ಬಾಕ್ಸಿನ ‘ಜಾಯಿನ್ ಆಟ್ರಿಬ್ಯೂಟ್ಸ್ ಬೈ ಫೀಲ್ಡ್ ವ್ಯಾಲ್ಯೂ’ ತೆಗೆದು, ಠಾಣೆಗೆ ಅಳತೆಯನ್ನು ಸಂಕೇತದ ಮೂಲಕ ಜೋಡಿಸಿ. ಜೋಡಣೆಯ ಬಗೆ ಒಂದಕ್ಕೆ ಹಲವು ಎಂದಿರಬೇಕು. ಒಂದಕ್ಕೊಂದು ಎಂದು ಬಿಟ್ಟರೆ ಪ್ರತಿ ತೋಟಕ್ಕೆ ಒಂದೇ ದಿನದ ಮಳೆ ಬಂದು ಕೂರುತ್ತದೆ. ಮುಂದಿನ ತಿಂಗಳು ಹೊಸ ಅಳತೆ ಸೇರಿಸಿದ ಮೇಲೆ ಪ್ರೊಸೆಸಿಂಗ್ ಹಿಸ್ಟರಿಯಿಂದ ಅದನ್ನೇ ಮತ್ತೊಮ್ಮೆ ಓಡಿಸಿ.

ಬಂದ ಲೇಯರಿನ ಪ್ರಾಪರ್ಟೀಸ್‌ನಲ್ಲಿ ಟೆಂಪೊರಲ್ ಪುಟಕ್ಕೆ ಹೋಗಿ ಸೌಲಭ್ಯ ಚಾಲೂ ಮಾಡಿ, ಆರಂಭಕ್ಕೂ ಅಂತ್ಯಕ್ಕೂ ಬೇರೆ ಬೇರೆ ಫೀಲ್ಡ್ ಎಂಬ ಆಯ್ಕೆಯನ್ನು ಆರಿಸಿ. ಅಲ್ಲೇ ‘ಲಿಮಿಟ್ಸ್’ ಇದೆ: ಆರಂಭ ಸೇರಿಸಿ, ಅಂತ್ಯ ಬಿಡಿ ಎಂದು ಇಡಿ. ಟೂಲ್‌ಬಾರಿನ ಗಡಿಯಾರದ ಚಿಹ್ನೆಯಿಂದ ಕಂಟ್ರೋಲರ್ ತೆರೆದು, ಹೆಜ್ಜೆಯನ್ನು 1 ದಿನ ಮಾಡಿ. ಹೆಚ್ಚಿನವರು ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಅವಧಿಯ ಆರಂಭವನ್ನು ಜೂನ್ 1ರ 00:00 ಎಂದು ಬಿಟ್ಟರೆ ಪ್ರತಿ ಚೌಕಟ್ಟಿಗೂ (ಒಂದೊಂದು ಹೆಜ್ಜೆಯಲ್ಲಿ ಕಾಣುವ ನಕ್ಷೆಗೂ) ಎರಡು ಅಳತೆ ಬೀಳುತ್ತವೆ, ಏಕೆಂದರೆ ಮಧ್ಯರಾತ್ರಿಯಿಂದ ಮಧ್ಯರಾತ್ರಿಯ ನಡುವೆ 8:30ಕ್ಕೆ ಒಂದು ಮುಗಿದು ಇನ್ನೊಂದು ಶುರುವಾಗಿರುತ್ತದೆ. ಒಂದರ ಮೇಲೊಂದು ಎರಡು ಚುಕ್ಕೆ ಕೂತು ಮೇಲಿನದಷ್ಟೇ ಕಾಣುತ್ತದೆ, ತಪ್ಪು ಗೊತ್ತೇ ಆಗುವುದಿಲ್ಲ. ಅವಧಿಯ ಆರಂಭವನ್ನೂ 08:30ಕ್ಕೇ ಇಡಿ.

ಹಳ್ಳದ ನೀರಿಗೆ ಬೇರೆ ಲೇಯರ್ ಮಾಡಿ, ಒಂದೇ ತಾರೀಕಿನ ಫೀಲ್ಡ್ ಕೊಟ್ಟು, ಅದರ ಅವಧಿಯನ್ನು 7 ದಿನ ಎನ್ನಿ. ಇಲ್ಲದಿದ್ದರೆ ವಾರದಲ್ಲಿ ಒಂದು ದಿನ ಮಿಂಚಿ ಆರು ದಿನ ಮಾಯವಾಗುತ್ತದೆ. ಎಕ್ಸ್‌ಪೋರ್ಟ್ ಆ್ಯನಿಮೇಶನ್ ಕೊಟ್ಟಾಗ ಬರುವುದು ಬಿಡಿ ಬಿಡಿ ಚಿತ್ರಗಳು; ವಿಡಿಯೊ ಬೇಕಾದರೆ ಎಫ್‌ಎಫ್‌ಎಂಪೆಗ್‌ನಂಥ ಬೇರೆ ತಂತ್ರಾಂಶದಲ್ಲಿ ಜೋಡಿಸಬೇಕು. ತಿಂಗಳ ಮೊತ್ತವನ್ನು ಮಾತ್ರ ಚೌಕಟ್ಟುಗಳಿಂದ ಕೂಡಿಸಬೇಡಿ, 48 ಗಂಟೆಯ ಅಳತೆ ಎರಡು ಸಲ ಬರುತ್ತದೆ. ಮೊತ್ತ ಯಾವಾಗಲೂ ‘ಅಳತೆ’ ಪಟ್ಟಿಯಿಂದಲೇ.

ತಿಂಗಳ ಬದಲು ಮಳೆ ನಕ್ಷತ್ರದ ಲೆಕ್ಕ ಬೇಕೆಂದರೂ ಇದೇ ದಾರಿ. ಆರಿದ್ರೆ, ಪುನರ್ವಸು, ಪುಷ್ಯ ಎಂದು ಒಂದೊಂದಕ್ಕೂ ಪಂಚಾಂಗದಿಂದ ಆರಂಭ, ಅಂತ್ಯ ತೆಗೆದು ಚಿಕ್ಕ ಪಟ್ಟಿ ಮಾಡಿ, ಆ ಅವಧಿಯೊಳಗಿನ ಮಳೆಯನ್ನು ಕೂಡಿಸಿ, ಅದೇ ಎರಡು ಫೀಲ್ಡನ್ನು ಟೆಂಪೊರಲ್ ಪುಟಕ್ಕೆ ಕೊಡಿ. ದಿನದ ಹೆಜ್ಜೆಯಲ್ಲಿ ಓಡಿಸಿದರೂ ನಕ್ಷತ್ರ ಬದಲಾದಾಗ ಮಾತ್ರ ನಕ್ಷೆ ಬದಲಾಗುತ್ತದೆ. ಊರಿನ ಹಿರಿಯರ ಮುಂದೆ ಇಡಲು ತಿಂಗಳ ನಕ್ಷೆಗಿಂತ ಇದು ಎಷ್ಟೋ ಮೇಲು. ಅವರ ನೆನಪಿನ ಜೊತೆ ನಿಮ್ಮ ಅಂಕಿ ತಾಳೆಯಾಗುತ್ತದೆಯೇ ಎಂದು ಅಲ್ಲೇ ಕೇಳಬಹುದು.

ಬಣ್ಣದ ವಿಷಯದಲ್ಲಿ ಒಂದೇ ಮಾತು: ವರ್ಗಗಳನ್ನು ತಂತ್ರಾಂಶಕ್ಕೆ ಬಿಡದೆ ಕೈಯಾರೆ ನಿಗದಿ ಮಾಡಿ, ಮೂರು ವರ್ಷಕ್ಕೂ ಅವೇ ಇರಲಿ. ದಿನದ ಮಳೆಗೆ ಹವಾಮಾನ ಇಲಾಖೆಯ ಮಿತಿಗಳಿವೆ: 64.5 ಮಿ.ಮೀ.ನಿಂದ ಭಾರೀ, 115.6ರಿಂದ ಅತಿ ಭಾರೀ, 204.4 ದಾಟಿದರೆ ಅತ್ಯಂತ ಭಾರೀ. ನೀರಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗಗಳು: ‘ಎ’ ವರ್ಗಕ್ಕೆ ಕರಗಿದ ಆಮ್ಲಜನಕ ಲೀಟರಿಗೆ 6 ಮಿ.ಗ್ರಾಂ. ಅಥವಾ ಹೆಚ್ಚು, ‘ಬಿ’ಗೆ 5, ‘ಸಿ’ಗೆ 4, ಪಿಎಚ್ ‘ಎ’ ಮತ್ತು ‘ಬಿ’ಗೆ 6.5ರಿಂದ 8.5, ‘ಸಿ’ಗೆ 6ರಿಂದ 9. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವಾಗ ಬರುವ ಪಲ್ಪರ್ ನೀರು ಹಳ್ಳಕ್ಕೆ ಬಿದ್ದಾಗ ಪಿಎಚ್ ಇಳಿಯುತ್ತದೆ, ಜೊತೆಗೆ ಆಮ್ಲಜನಕವೂ ಇಳಿಯುತ್ತದೆ. ಎರಡನ್ನೂ ಒಟ್ಟಿಗೆ ನೋಡಿ. ಪಿಎಚ್‌ಗೆ ಸರಾಸರಿ ತೆಗೆಯಬೇಡಿ. ಅದು ಲಾಗ್ ಮಾಪನ, ಮಧ್ಯಾಂಕ ತೆಗೆಯಿರಿ. ಆಮ್ಲಜನಕ ಬೆಳಗಿನ ಜಾವ ಕಡಿಮೆ, ಮಧ್ಯಾಹ್ನ ಹೆಚ್ಚು ಇರುವುದರಿಂದ ಆರೂ ಜಾಗಕ್ಕೆ ಪ್ರತಿ ವಾರ ಅದೇ ಕ್ರಮದಲ್ಲಿ, ಅದೇ ಹೊತ್ತಿಗೆ ಹೋಗಬೇಕು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಮುದ್ರಮಟ್ಟದ ನೀರು ಸುಮಾರು 8.3 ಮಿ.ಗ್ರಾಂ. ಆಮ್ಲಜನಕ ಹಿಡಿದರೆ 1000 ಮೀಟರ್ ಎತ್ತರದಲ್ಲಿ ಸುಮಾರು 7.3. ಮೀಟರಿಗೆ ಎತ್ತರ ಅಥವಾ ವಾಯುಭಾರ ತಿಳಿಸದೆ ಅಳೆದರೆ ಅಂಕಿ ನಂಬಲು ಆಗುವುದಿಲ್ಲ.

ನೆಟ್‌ವರ್ಕ್ ಇಲ್ಲದ ಕಡೆಗೆ ಕ್ಯೂಜಿಐಎಸ್ ಪ್ರಾಜೆಕ್ಟನ್ನು ಫೋನಿನಲ್ಲಿ ತೆರೆಯುವ ಕ್ಯೂಫೀಲ್ಡ್ ಆ್ಯಪ್ ಇದೆ. ಆಂಡ್ರಾಯ್ಡ್, ಐಫೋನ್ ಎರಡರಲ್ಲೂ ಉಚಿತವಾಗಿ ಸಿಗುತ್ತದೆ. ಕಂಪ್ಯೂಟರಿನಲ್ಲಿ ಕ್ಯೂಫೀಲ್ಡ್‌ಸಿಂಕ್ ಪ್ಲಗಿನ್ ಹಾಕಿ, ಪ್ರಾಜೆಕ್ಟನ್ನು ಪ್ಯಾಕೇಜ್ ಮಾಡಿ, ಕೇಬಲ್ ಮೂಲಕ ಫೋನಿಗೆ ಹಾಕಿ. ವಾಪಸ್ ಬಂದ ಮೇಲೆ ಅದೇ ಪ್ಲಗಿನ್ನಿನಿಂದ ಹಿಂದಕ್ಕೆ ಸೇರಿಸಿ. ಹಳ್ಳದ ಬಳಿ ಪ್ರತಿ ಸಲ ಹೊಸ ಜಿಪಿಎಸ್ ಬಿಂದು ಹಾಕುವ ಅಭ್ಯಾಸ ಬೇಡ. ಸಿಲ್ವರ್ ಮರ, ನೆರಳಿನ ಮರಗಳ ಕೆಳಗೆ ಬಿಂದು ಹತ್ತಾರು ಮೀಟರ್ ಅಲೆದಾಡುತ್ತದೆ, ಒಂದು ವರ್ಷಕ್ಕೆ 52 ಚುಕ್ಕೆ ದಂಡೆಯ ಎರಡೂ ಕಡೆ ಹರಡಿಕೊಳ್ಳುತ್ತವೆ. ಠಾಣೆಯ ಜಾಗವನ್ನು ಒಮ್ಮೆ ಕೆಲವು ನಿಮಿಷ ನಿಂತು ಸರಾಸರಿ ತೆಗೆದು ಗುರುತಿಸಿ, ಆಮೇಲೆ ಪಟ್ಟಿಯಿಂದ ಠಾಣೆ ಆರಿಸುವಂತೆ ಫಾರಂ ಮಾಡಿ. ಅದಕ್ಕೆ ‘ವ್ಯಾಲ್ಯೂ ರಿಲೇಶನ್’ ಎಂಬ ವಿಜೆಟ್ ಇದೆ.

ಫಾರಂನಲ್ಲಿ ಇನ್ನು ಮೂರು ಸಂಗತಿ ಗಮನಿಸಿ. ಪಿಎಚ್ 0ರಿಂದ 14ರ ಒಳಗೆ ಇರಲೇಬೇಕು ಎಂಬುದನ್ನು ಕಡ್ಡಾಯ ಮಾಡಿ. 4ರಿಂದ 9ರ ಹೊರಗಿದ್ದರೆ ಎಚ್ಚರಿಸುವಷ್ಟು ಮಾತ್ರ ಇರಲಿ, ತಡೆಯುವುದು ಬೇಡ, ಏಕೆಂದರೆ ಪಲ್ಪಿಂಗ್ ದಿನಗಳಲ್ಲಿ ನೀವು ಹಿಡಿಯಬೇಕಾದ ಅಂಕಿಯೇ ಅದು. ಸಮಯಕ್ಕೆ ‘ನೌ’ ಎಂಬ ಡೀಫಾಲ್ಟ್ ಕೊಡಿ, ಆದರೆ ‘ಅಪ್ಲೈ ಡೀಫಾಲ್ಟ್ ವ್ಯಾಲ್ಯೂ ಆನ್ ಅಪ್‌ಡೇಟ್’ ಗುರುತನ್ನು ತೆಗೆದಿಡಿ. ಅದು ಇದ್ದರೆ ಸಂಜೆ ಮನೆಯಲ್ಲಿ ಒಂದು ಟಿಪ್ಪಣಿ ತಿದ್ದಿದಾಗ ಬೆಳಗಿನ ಅಳತೆಯ ಸಮಯ ಸಂಜೆಯದಾಗುತ್ತದೆ. ಗುರುತಿನ ಸಂಖ್ಯೆಗೆ, ಒಂದರಂತೆ ಇನ್ನೊಂದು ಬಾರದ ಸಂಕೇತ ಕೊಡುವ ‘ಯುಯುಐಡಿ’ ಫಂಕ್ಷನ್ ಹಾಕಿ. ಇಬ್ಬರು ಎರಡು ಫೋನಿನಲ್ಲಿ ಒಂದೇ ದಿನ ಬರೆದರೆ 1, 2, 3 ಎಂಬ ಸಂಖ್ಯೆಗಳು ಡಿಕ್ಕಿ ಹೊಡೆಯುತ್ತವೆ.

ಇಡೀ ತಾಲ್ಲೂಕಿಗೆ ಬಣ್ಣ ಬಳಿದ ಮಳೆ ನಕ್ಷೆ ಮಾಡುವ ಆಸೆ ನಿಮಗೂ ಇರುತ್ತದೆ. ದಯವಿಟ್ಟು 14 ಮಾಪಕದಿಂದ ಐಡಿಡಬ್ಲ್ಯು (ನಡುವಿನ ಜಾಗದ ಮಳೆಯನ್ನು ದೂರದ ಮೇಲೆ ಅಂದಾಜಿಸುವ ವಿಧಾನ) ಓಡಿಸಿ ಕಡೂರಿನವರೆಗೂ ಎಳೆಯಬೇಡಿ. ಆ ವಿಧಾನಕ್ಕೆ ಗೊತ್ತಿರುವುದು ದೂರ ಮಾತ್ರ. ಘಟ್ಟದ ಅಂಚೂ ಅದಕ್ಕೆ ತಿಳಿಯದು, 1930 ಮೀಟರಿನ ಮುಳ್ಳಯ್ಯನಗಿರಿಯ ಸಾಲು ಅಡ್ಡ ನಿಂತು ಮಳೆಯ ಮೋಡ ತಡೆಯುವುದೂ ತಿಳಿಯದು. ಪ್ರತಿ ತೋಟದ ಸುತ್ತ ಉಂಗುರ ಬಂದರೆ ಅದು ಮಾಪಕದ ಗುರುತೇ ಹೊರತು ಮಳೆಯದ್ದಲ್ಲ. ಮೂಡಿಗೆರೆ ಸುತ್ತಿನ 11ಕ್ಕೆ ಮಾತ್ರ ಸೀಮಿತವಾಗಿ, ದೂರವನ್ನು ಮೀಟರಿನಲ್ಲಿ ಅಳೆಯುವ ಯುಟಿಎಂ 43 ಉತ್ತರ ವಲಯದಲ್ಲಿ, ಅಂದರೆ ಇಪಿಎಸ್‌ಜಿ 32643ರಲ್ಲಿ ಮಾಡಿ. ಒಂದು ಮಾಪಕವನ್ನು ಬಿಟ್ಟು ಓಡಿಸಿ, ಬಿಟ್ಟ ಜಾಗದಲ್ಲಿ ಬಂದ ಅಂಕಿಯನ್ನು ನಿಜವಾದದ್ದರ ಜೊತೆ ಹೋಲಿಸಿ. 11ಕ್ಕೂ ಹೀಗೆ ಮಾಡಿ. ವ್ಯತ್ಯಾಸ ದೊಡ್ಡದಿದ್ದರೆ ಚುಕ್ಕೆಗಳನ್ನೇ ಇಟ್ಟುಕೊಳ್ಳಿ. ಹವಾಮಾನ ಇಲಾಖೆಯ 0.25 ಡಿಗ್ರಿ ಗ್ರಿಡ್ ಮಳೆಯೂ ಇಲ್ಲಿ ನೆರವಾಗದು. ಒಂದು ಚೌಕ ಸುಮಾರು 27 ಕಿ.ಮೀ., ಮೂಡಿಗೆರೆಯಿಂದ ಕಡೂರಿಗೆ ನೇರ ಗೆರೆಯಲ್ಲಿ ಸುಮಾರು 60 ಕಿ.ಮೀ.; ಮಲೆನಾಡು ಬಯಲುಸೀಮೆಯಾಗುವ ಇಡೀ ದಾರಿ ಎರಡು ಮೂರು ಚೌಕದಲ್ಲಿ ಮುಗಿಯುತ್ತದೆ.

ತಿಂಗಳ ರಾಸ್ಟರ್ ಮಾಡಿದರೆ 12ನ್ನೂ ‘ಬಿಲ್ಡ್ ವರ್ಚುವಲ್ ರಾಸ್ಟರ್’ನಲ್ಲಿ ಒಂದೊಂದು ಕಡತಕ್ಕೆ ಒಂದೊಂದು ಬ್ಯಾಂಡ್ ಎಂದು ಜೋಡಿಸಿ, ಟೆಂಪೊರಲ್ ಪುಟದಲ್ಲಿ ಪ್ರತಿ ಬ್ಯಾಂಡಿಗೂ ಅದರ ಅವಧಿ ಕೊಡಿ. ಕಡತಕ್ಕೆ 01, 02 ಎಂದೇ ಹೆಸರಿಡಿ. ಬರೀ 1, 2 ಎಂದಿಟ್ಟರೆ 10, 11, 12 ಎಂಬವು 2ಕ್ಕಿಂತ ಮುಂಚೆ ಬಂದು ಕೂರುತ್ತವೆ.

ಕಡೂರಿನ ಕಡೆಯ 3 ಮಾಪಕಕ್ಕೆ ನಿಜವಾದ ಬೆಲೆ ಬರುವುದು ಎಲಿವೇಶನ್ ಪ್ರೊಫೈಲಿನಲ್ಲಿ. ಇಸ್ರೊದ ಭುವನ್ ತಾಣದಿಂದ 30 ಮೀಟರಿನ ಕಾರ್ಟೊಡೆಮ್ ಎಂಬ ಎತ್ತರದ ರಾಸ್ಟರ್ ತಂದು, ಅದರ ಎಲಿವೇಶನ್ ಪುಟದಲ್ಲಿ ಇದು ಎತ್ತರದ ಮೇಲ್ಮೈ ಎಂದು ಗುರುತು ಹಾಕಿ. ಪ್ರಾಜೆಕ್ಟ್ ಪ್ರಾಪರ್ಟೀಸ್‌ನ ಟೆರೇನ್‌ನಲ್ಲೂ ಅದನ್ನೇ ಆರಿಸಿ. ಕೊಟ್ಟಿಗೆಹಾರದಿಂದ ಮೂಡಿಗೆರೆ, ಚಿಕ್ಕಮಗಳೂರು ಹಾದು ಕಡೂರಿಗೆ ಗೆರೆ ಎಳೆದು, ಟಾಲರೆನ್ಸ್ 5000 ಮೀಟರ್ ಇಡಿ. ಅಷ್ಟು ದೂರದೊಳಗಿನ ಮಾಪಕಗಳು ನೆಲದ ಗೆರೆಯ ಮೇಲೆ ಬಂದು ಕೂರುತ್ತವೆ. ಟಾಲರೆನ್ಸ್ 0 ಬಿಟ್ಟರೆ ಒಂದೂ ಕಾಣುವುದಿಲ್ಲ. ಠಾಣೆಯ ಲೇಯರಿನ ಎಲಿವೇಶನ್ ಪುಟದಲ್ಲಿ ‘ಎಕ್ಸ್‌ಟ್ರೂಶನ್’ ಚಾಲೂ ಮಾಡಿ, ಎತ್ತರಕ್ಕೆ ಜುಲೈ ತಿಂಗಳ ಮೊತ್ತದ ಹತ್ತನೇ ಒಂದು ಭಾಗ ಎಂಬ ಸೂತ್ರ ಕೊಟ್ಟರೆ, 1000 ಮಿ.ಮೀ. ಮಳೆಗೆ 100 ಮೀಟರಿನ ಕಂಬ ಏಳುತ್ತದೆ. ಘಟ್ಟದಂಚಿನಿಂದ ಬಯಲಿಗೆ ಮಳೆ ಹೇಗೆ ಇಳಿಯುತ್ತದೆ ಎಂಬುದು ಒಂದೇ ನೋಟಕ್ಕೆ ಸಿಗುತ್ತದೆ, ನಡುವೆ ಏನನ್ನೂ ಊಹಿಸದೆ.

ಸೆನ್ಸರ್‌ಥಿಂಗ್ಸ್ ನಿಮಗೆ ಸದ್ಯ ಬೇಡ. ಅದು ಸರ್ವರಿನಲ್ಲಿರುವ ಸಂವೇದಕಗಳ ಅಳತೆಯನ್ನು ನೇರವಾಗಿ ಲೇಯರ್ ಆಗಿ ತರುವ ವ್ಯವಸ್ಥೆ. ಸರ್ವರ್ ನಡೆಸುವವರು ಬೇಕು, ತಾನೇ ಕಳುಹಿಸುವ ಉಪಕರಣ ಬೇಕು. 15 ನಿಮಿಷಕ್ಕೊಮ್ಮೆ ಅಂಕಿ ಕಳಿಸುವ ಟೆಲಿಮೆಟ್ರಿ ಮಾಪಕ ಒಂದೆರಡು ಬಂದ ದಿನ ಯೋಚಿಸಿ. ಆಗಲೂ 3.38 ಅಥವಾ ಅದರ ನಂತರದ ಆವೃತ್ತಿಯೇ ಇರಲಿ, ಠಾಣೆ ಮತ್ತು ಅದರ ಅಳತೆಗಳನ್ನು ಒಟ್ಟಿಗೆ ತರುವ ಅನುಕೂಲ ಬಂದದ್ದು 3.38ರಲ್ಲಿ.

ಮೂರು ವರ್ಷದ್ದನ್ನೂ ಒಂದೇ ಸಲಕ್ಕೆ ತೆಗೆದುಕೊಳ್ಳಬೇಡಿ. 3 ಮಾಪಕ, ಒಂದು ಜುಲೈ ತಿಂಗಳು, 93 ಸಾಲು. ಪೂರ್ತಿ ದಾರಿ ಅದನ್ನೇ ಓಡಿಸಿ, ಕ್ಯೂಜಿಐಎಸ್‌ನ ‘ಸ್ಟಾಟಿಸ್ಟಿಕ್ಸ್ ಬೈ ಕ್ಯಾಟಗರೀಸ್’ನಲ್ಲಿ ಬಂದ ತಿಂಗಳ ಮೊತ್ತವನ್ನು ತೋಟದ ಪುಸ್ತಕದ ಮೊತ್ತದ ಜೊತೆ ಇಟ್ಟು ನೋಡಿ. ಒಂದು ಸೆಂಟಿನಷ್ಟು ವ್ಯತ್ಯಾಸ ಇದ್ದರೂ ಅದು ಎಲ್ಲಿಂದ ಬಂತು ಎಂದು ಹಿಡಿದ ಮೇಲೆಯೇ ಉಳಿದ 11ನ್ನು ಸೇರಿಸಿ.